ಆಯುಧ ಪೂಜೆ ಮುಗಿದ ಮೇಲೆ ಬೂಟ್ ಆಗದ ಕಂಪ್ಯೂಟರ್: ಒಂದು ಫ್ಲಾಪಿ ಪ್ರಕರಣ

ಪೀಣ್ಯದ ಒಂದು ಸಣ್ಣ ಮೆಷಿನ್ ಶಾಪ್. ಅಲ್ಲೊಂದು ಹಳೆಯ ಸಿಎನ್‌ಸಿ ಮಿಲ್ಲಿಂಗ್ ಮೆಷಿನ್ ಇದೆ, ಅಂದರೆ ಪ್ರೋಗ್ರಾಂ ಹೇಳಿದಂತೆ ಲೋಹ ಕತ್ತರಿಸುವ ಯಂತ್ರ. ಮೆಷಿನ್ ಗಟ್ಟಿಯಾಗಿದೆ, ಆದರೆ ಅದರ ಕಂಟ್ರೋಲರ್‌ಗೆ ಮೆಮೊರಿ ತೀರಾ ಕಡಿಮೆ. ದೊಡ್ಡ ಡೈ ಕೆತ್ತುವ ಪ್ರೋಗ್ರಾಂ ಅದರೊಳಗೆ ಹಿಡಿಸುವುದೇ ಇಲ್ಲ. ಹಾಗಾಗಿ ಪಕ್ಕದಲ್ಲೊಂದು ಕಂಪ್ಯೂಟರ್ ಇಟ್ಟಿದ್ದಾರೆ. ಅದು ಆರ್‌ಎಸ್-232 ಕೇಬಲ್ ಮೂಲಕ ಪ್ರೋಗ್ರಾಂನ ಸಾಲುಗಳನ್ನು ಸ್ವಲ್ಪ ಸ್ವಲ್ಪವೇ ಕಳಿಸುತ್ತಾ ಇರುತ್ತದೆ, ಮೆಷಿನ್ ಕತ್ತರಿಸುತ್ತಾ ಹೋಗುತ್ತದೆ. ಶಾಪ್‌ನವರ ಬಾಯಲ್ಲಿ ಇದು ಡ್ರಿಪ್ ಫೀಡ್.

ಆ ಕಂಪ್ಯೂಟರ್‌ಗೆ ಹಾರ್ಡ್ ಡಿಸ್ಕ್ ಇಲ್ಲ. ಸೆಲೆರಾನ್ ಕಾಲದ ಎಟಿಎಕ್ಸ್ ಬೋರ್ಡು, ಅವಾರ್ಡ್ ಬಯೋಸ್ (ಆನ್ ಮಾಡಿದ ಕೂಡಲೇ ಮೊದಲು ಓಡುವ, ಬೋರ್ಡಿನಲ್ಲೇ ಇರುವ ಪ್ರೋಗ್ರಾಂ), ಒಂದು ಮೂರೂವರೆ ಇಂಚಿನ ಫ್ಲಾಪಿ ಡ್ರೈವ್. ಅಷ್ಟೇ. ಮೆಷಿನ್‌ನ ಅದುರಾಟಕ್ಕೂ ಕೂಲೆಂಟ್ ಆವಿಗೂ ಹಿಂದೆ ಇದ್ದ ಹಾರ್ಡ್ ಡಿಸ್ಕ್ ತಡೆಯಲಿಲ್ಲವಂತೆ. ಆಗ ಯಾರೋ ಬುದ್ಧಿವಂತರು ಎಂಎಸ್-ಡಾಸ್ 6.22 ಅನ್ನುವ ಹಳೆಯ ಆಪರೇಟಿಂಗ್ ಸಿಸ್ಟಂ ಹಾಕಿದ ಬೂಟ್ ಫ್ಲಾಪಿ ಮಾಡಿಕೊಟ್ಟರು. ಈ ಕೆಲಸಕ್ಕೆ ಅದು ಕೆಟ್ಟ ಉಪಾಯವೇನಲ್ಲ. ಡಾಸ್‌ನ ಮೂರು ಸಿಸ್ಟಂ ಫೈಲುಗಳು ಸೇರಿದರೂ ಸುಮಾರು 130 ಕೆಬಿ. ಜೊತೆಗೆ ಸೀರಿಯಲ್ ಪೋರ್ಟಿನ ವೇಗ ಹೊಂದಿಸುವ ಮೋಡ್.ಕಾಮ್, ಆ ಪೋರ್ಟಿಗೆ ಕಳಿಸುವ ಒಂದು ಚಿಕ್ಕ ಪ್ರೋಗ್ರಾಂ, ಎರಡು ಪುಟ್ಟ ಟೆಕ್ಸ್ಟ್ ಫೈಲು. 1.44 ಎಂಬಿ ಫ್ಲಾಪಿಯಲ್ಲಿ ಬೇಕಾದಷ್ಟು ಜಾಗ ಉಳಿಯುತ್ತದೆ. ಬೂಟ್ ಆದ ಮೇಲೆ ಆ ಫ್ಲಾಪಿ ತೆಗೆದು, ಆಫೀಸಿನಿಂದ ಬಂದ ಜಾಬ್ ಫ್ಲಾಪಿ, ಅಂದರೆ ಕತ್ತರಿಸುವ ಪ್ರೋಗ್ರಾಂ ಇರುವ ಫ್ಲಾಪಿ, ಹಾಕುತ್ತಾರೆ. ಹೀಗೇ ವರ್ಷಗಟ್ಟಲೆ ನಡೆದಿತ್ತು.

ಆಯುಧ ಪೂಜೆಯ ರಜೆ ಮುಗಿಸಿ ಬಂದು ಸ್ವಿಚ್ ಹಾಕಿದರೆ ಬೂಟ್ ಆಗಲಿಲ್ಲ. ಮಾಲೀಕರು ಫೋನ್ ಮಾಡಿ ಹೇಳಿದ್ದು ಇಷ್ಟು: "ಸರ್, ಬ್ಯಾಟರಿ ಹೊಸದು ಹಾಕಿದ್ವಿ. ಆದ್ರೂ ಫ್ಲಾಪಿ ತಗೋತಾ ಇಲ್ಲ."

ಇಂಥ ಕಡೆ ಹೋದರೆ ನಾನು ಮೊದಲು ಸ್ಕ್ರೂ ಡ್ರೈವರ್ ತೆಗೆಯುವುದಿಲ್ಲ. ನಾನು ಬರುವ ಮೊದಲು ಯಾರು ಏನು ಮಾಡಿದರು ಅಂತ ಕೇಳುತ್ತೇನೆ. ಮಾಲೀಕರಿಗೆ ಗೊತ್ತಿರುವುದಿಲ್ಲ. ಆಪರೇಟರ್‌ಗೆ ಗೊತ್ತಿರುತ್ತದೆ, ಆದರೆ ಮಾಲೀಕರ ಮುಂದೆ ಹೇಳುವುದಿಲ್ಲ. ಟೀ ಕುಡಿಯಲು ಹೊರಗೆ ಹೋದಾಗ ವಿಷಯ ಬಂತು.

"ಪೂಜೆಗೆ ಕ್ಲೀನ್ ಮಾಡ್ಬೇಕಲ್ಲ ಅಣ್ಣಾ. ಕ್ಯಾಬಿನೆಟ್ ಬಿಚ್ಚಿ ಏರ್ ಹೊಡೆದ್ವಿ. ವೈರ್ ಎಲ್ಲಾ ಕಿತ್ತು ಒರೆಸಿ ಮತ್ತೆ ಹಾಕಿದ್ವಿ."

"ಆನ್ ಮಾಡಿದಾಗ ಮೊದಲು ಏನು ಬಂತು?"

"ಸಿಎಂಒಎಸ್ ಅಂತ ಏನೋ ಬಂತು. ಅದಕ್ಕೇ ಬ್ಯಾಟರಿ ಬದಲಾಯಿಸಿದ್ವಿ. ಸೆಟಪ್ ಒಳಗೆ ಹೋಗಿ ಡೇಟು ಟೈಮು ಸರಿ ಮಾಡಿದೆ. ಆಮೇಲೆ ಇರೋ ಫ್ಲಾಪಿ ಎಲ್ಲಾ ಹಾಕಿ ನೋಡಿದೆ."

ಕೊನೆಯ ಮಾತು ಕೇಳಿ ನನಗೆ ಸ್ವಲ್ಪ ಭಯವಾಯಿತು. ಯಾಕೆ ಅನ್ನುವುದು ಮುಂದೆ ತಿಳಿಯುತ್ತದೆ.

ಬ್ಯಾಟರಿ ವಿಷಯ ನಿಜವೇ. ಎಟಿಎಕ್ಸ್ ಬೋರ್ಡಿಗೆ ಗೋಡೆಯ ಸ್ವಿಚ್ ಆನ್ ಇರುವವರೆಗೂ ಸ್ಟ್ಯಾಂಡ್‌ಬೈ ಕರೆಂಟ್ ಬರುತ್ತಾ ಇರುತ್ತದೆ. ಕಂಪ್ಯೂಟರ್ ಆಫ್ ಆಗಿದ್ದರೂ ಸೆಟಪ್ಪಿನ ನೆನಪು (ಅದೇ ಸಿಎಂಒಎಸ್) ಆ ಕರೆಂಟಿನಲ್ಲೇ ಉಳಿದುಬಿಡುತ್ತದೆ. ಹಾಗಾಗಿ 3 ವೋಲ್ಟಿನ ಸಿಆರ್2032 ಬ್ಯಾಟರಿ ಸತ್ತಿದ್ದರೂ ಯಾರಿಗೂ ಗೊತ್ತಾಗುವುದಿಲ್ಲ. ಹಬ್ಬಕ್ಕೆ ಅಂತ ಇಡೀ ಶಾಪ್‌ನ ಮೇನ್ ಇಳಿಸಿದಾಗ ಅದರ ಬಣ್ಣ ಬಯಲಾಯಿತು. ಆದರೆ ಬ್ಯಾಟರಿ ಹೋಗಿದ್ದಕ್ಕೇ ಫ್ಲಾಪಿ ಬೂಟ್ ಆಗುತ್ತಿಲ್ಲ ಅನ್ನುವುದು ಬೇರೆ ಮಾತು. ಮೊದಲು ಕಂಡ ದೋಷವನ್ನೇ ಎಲ್ಲಕ್ಕೂ ಹೊಣೆ ಮಾಡಿಬಿಡುವುದು ಈ ಕೆಲಸದಲ್ಲಿ ದಿನಾ ನೋಡುವ ಸಂಗತಿ.

ನಾನು ಹೋದಾಗ ಸ್ಕ್ರೀನ್ ಮೇಲೆ ಎರಡು ಸಾಲು ಬರುತ್ತಿದ್ದವು. ಮೊದಲು "ಫ್ಲಾಪಿ ಡಿಸ್ಕ್(ಸ್) ಫೇಲ್ (40)". ಎಫ್1 ಒತ್ತಿ ಮುಂದೆ ಹೋದರೆ "ಡಿಸ್ಕ್ ಬೂಟ್ ಫೇಲ್ಯೂರ್, ಇನ್ಸರ್ಟ್ ಸಿಸ್ಟಂ ಡಿಸ್ಕ್ ಅಂಡ್ ಪ್ರೆಸ್ ಎಂಟರ್".

ಫ್ಲಾಪಿ ಬೂಟ್ ಆಗದಿದ್ದಾಗ ನಾನು ಕೇಳಿಕೊಳ್ಳುವ ಪ್ರಶ್ನೆ ಒಂದೇ. ಸ್ಕ್ರೀನ್ ಮೇಲೆ ಮಾತಾಡುತ್ತಿರುವವರು ಯಾರು? ಬಯೋಸಾ, ಫ್ಲಾಪಿಯ ಬೂಟ್ ಸೆಕ್ಟರಾ, ಇಲ್ಲಾ ಡಾಸಾ? ಮೂವರ ಭಾಷೆಯೂ ಬೇರೆ ಬೇರೆ. ಬಯೋಸ್ ಮೊದಲು ಬೋರ್ಡು, ಡ್ರೈವ್ ಎಲ್ಲಾ ನೋಡುತ್ತದೆ. ಆಮೇಲೆ ಫ್ಲಾಪಿಯ ಮೊಟ್ಟಮೊದಲ 512 ಬೈಟನ್ನು ಓದಿ, ಮೆಮೊರಿಯ 7ಸಿ00 ಅನ್ನುವ ಜಾಗಕ್ಕೆ ಹಾಕಿ, ಅಧಿಕಾರವನ್ನು ಅದಕ್ಕೆ ಕೊಟ್ಟುಬಿಡುತ್ತದೆ. ಅದೇ ಬೂಟ್ ಸೆಕ್ಟರ್. ಅದು ಐಒ.ಸಿಸ್, ಎಂಎಸ್‌ಡಾಸ್.ಸಿಸ್ ಫೈಲುಗಳನ್ನು ಹುಡುಕುತ್ತದೆ. ಅವು ಎದ್ದ ಮೇಲೆ, ನಾವು ಟೈಪ್ ಮಾಡುವ ಆಜ್ಞೆಗಳನ್ನು ಕೇಳುವ ಕಮಾಂಡ್.ಕಾಮ್ ಬರುತ್ತದೆ. ಯಾರ ದನಿ ಕೇಳುತ್ತಿದೆ ಅಂತ ಗೊತ್ತಾದರೆ ಅದಕ್ಕಿಂತ ಹಿಂದಿನದೆಲ್ಲಾ ಒಂದು ಮಟ್ಟಿಗೆ ಸರಿ ಇದೆ ಅಂತಲೂ ಗೊತ್ತಾಗುತ್ತದೆ. ಇಲ್ಲಿ ಎರಡೂ ಸಾಲು ಬಯೋಸ್‌ನದು. ಅಂದರೆ ಫ್ಲಾಪಿಯಲ್ಲಿ ಏನಿದೆ ಅನ್ನುವ ಪ್ರಶ್ನೆಯೇ ಇನ್ನೂ ಬಂದಿಲ್ಲ. ಇನ್ನೊಂದು ಫ್ಲಾಪಿ, ಮತ್ತೊಂದು ಫ್ಲಾಪಿ ಅಂತ ಹಾಕುತ್ತಾ ಹೋಗುವುದು ದಂಡ.

ಡ್ರೈವ್‌ನ ಹಸಿರು ಲೈಟು ಆನ್ ಮಾಡಿದ ಕ್ಷಣದಿಂದ ಉರಿಯುತ್ತಲೇ ಇತ್ತು. ಆರುವ ಲಕ್ಷಣವೇ ಇಲ್ಲ. ಫ್ಲಾಪಿ ಡ್ರೈವ್ ಬಿಚ್ಚಿ ಹಾಕಿ ರೂಢಿ ಇರುವವರಿಗೆ ಇಷ್ಟು ಸಾಕು: ಕೇಬಲ್ ಉಲ್ಟಾ.

ಕ್ಯಾಬಿನೆಟ್ ತೆಗೆದೆ. ಒಳಗೂ ಕುಂಕುಮ ಇತ್ತು, ಪವರ್ ಸಪ್ಲೈ ಮೇಲೊಂದು ಚೆಂಡು ಹೂವು. ರಿಬ್ಬನ್ ಕೇಬಲ್‌ನ ಕೆಂಪು ಗೆರೆ ಡ್ರೈವ್ ಕಡೆ ಒಂದನೇ ಪಿನ್ನಿಗೆ ಬರಬೇಕು, ಇಲ್ಲಿ 34ನೇ ಪಿನ್ನಿನ ಕಡೆ ಇತ್ತು. ಈ ಕೇಬಲ್ಲಿನ ಕನೆಕ್ಟರಿಗೆ ಉಬ್ಬು ಇರಲಿಲ್ಲ, ಡ್ರೈವ್‌ನ ಪಿನ್ನುಗಳ ಸುತ್ತ ಗೋಡೆಯೂ ಇರಲಿಲ್ಲ. ಹೇಗೆ ತಿರುಗಿಸಿದರೂ ಕೂರುತ್ತದೆ. ಹುಡುಗರನ್ನು ಬೈದು ಪ್ರಯೋಜನವಿಲ್ಲ.

ಈಗ ನನ್ನ ಭಯದ ಕಾರಣ. ಫ್ಲಾಪಿ ಕೇಬಲ್‌ನಲ್ಲಿ ಬೆಸ ಸಂಖ್ಯೆಯ ಪಿನ್ನುಗಳು ಗ್ರೌಂಡ್, ಸಮ ಸಂಖ್ಯೆಯವು ಸಿಗ್ನಲ್. ಕೇಬಲ್ ತಿರುಗಿಸಿ ಹಾಕಿದರೆ 2ನೇ ಪಿನ್ನಿಗೆ 33, 4ಕ್ಕೆ 31, ಹೀಗೆ ಪ್ರತಿ ಸಿಗ್ನಲ್ ಪಿನ್ನಿಗೂ ಗ್ರೌಂಡ್ ಬಂದು ಸೇರುತ್ತದೆ. ಈ ಸಿಗ್ನಲ್‌ಗಳ ಗುಣವೇನು ಅಂದರೆ, ಗ್ರೌಂಡಿಗೆ ಇಳಿದರೆ "ಹೂಂ, ಮಾಡು" ಅಂತ ಅರ್ಥ. ಅಂದರೆ ಡ್ರೈವ್‌ಗೆ ಎಲ್ಲಾ ಆಜ್ಞೆಗಳೂ ಒಟ್ಟಿಗೇ ಬರುತ್ತವೆ. ನಿನ್ನನ್ನು ಆರಿಸಿದ್ದೇನೆ, ಮೋಟಾರ್ ತಿರುಗಿಸು, ಬರೆ. ಲೈಟು ಆರದೇ ಇರುವುದು ಇದಕ್ಕೇ. ಕೊನೆಯ ಆಜ್ಞೆಯೇ ಅಪಾಯದ್ದು. ಆ ಸ್ಥಿತಿಯಲ್ಲಿ ಫ್ಲಾಪಿ ಹಾಕಿದರೆ, ಹೆಡ್ ಎಲ್ಲಿ ನಿಂತಿದೆಯೋ ಆ ಟ್ರ್ಯಾಕಿನಲ್ಲಿ (ಫ್ಲಾಪಿಯ ಆ ಒಂದು ಸುತ್ತಿನಲ್ಲಿ) ಇರುವುದೆಲ್ಲಾ ಅಳಿಸಿಹೋಗುತ್ತದೆ. ಬೂಟ್ ಆಗುತ್ತಾ ನೋಡೋಣ ಅಂತ ಹಾಕಿದ ಫ್ಲಾಪಿಯೇ ಹಾಳು. ಉಳಿಯುವುದು ರೈಟ್ ಪ್ರೊಟೆಕ್ಟ್ ಮಾಡಿದ್ದು ಮಾತ್ರ. ಮೂಲೆಯ ಕಿಟಕಿ ತೆರೆದಿದ್ದರೆ ಡ್ರೈವ್‌ನ ಒಳಗಿನ ಸರ್ಕ್ಯೂಟೇ ಬರೆಯುವುದನ್ನು ತಡೆಯುತ್ತದೆ.

ಆಪರೇಟರ್ ಹಾಕಿ ನೋಡಿದ್ದು ದಿನಾ ಬಳಸುವ ಬೂಟ್ ಫ್ಲಾಪಿ ಮತ್ತು ಅದರ ಕಾಪಿ. ಎರಡರ ಕಿಟಕಿಯೂ ಮುಚ್ಚಿತ್ತು.

ಕರೆಂಟ್ ತೆಗೆದು ಕೇಬಲ್ ತಿರುಗಿಸಿದೆ. ಆನ್ ಮಾಡಿದರೆ ಲೈಟು ಒಮ್ಮೆ ಮಿನುಗಿ ಆರಿತು, 40 ನಂಬರಿನ ತಕರಾರೂ ಹೋಯಿತು. ಈಗ ಹಾಕಿ ನೋಡಲು ಅವರ ಬೂಟ್ ಫ್ಲಾಪಿ ಮುಟ್ಟಲಿಲ್ಲ. ಒಂದು ಸಾಮಾನ್ಯ ಜಾಬ್ ಫ್ಲಾಪಿ ಕೇಳಿ ತೆಗೆದುಕೊಂಡು, ಅದರ ಕಿಟಕಿ ತೆರೆದು ಹಾಕಿದೆ. ಅದರಲ್ಲಿ ಡಾಸ್ ಇಲ್ಲ, ಬೂಟ್ ಆಗಬಾರದು. ಆದರೆ ಡಾಸ್‌ನಲ್ಲಿ ಫಾರ್ಮ್ಯಾಟ್ ಮಾಡಿದ ಫ್ಲಾಪಿ ಅದು, ಹಾಗಾಗಿ ಬೂಟ್ ಸೆಕ್ಟರ್ ಇದ್ದೇ ಇರುತ್ತದೆ. "ನಾನ್-ಸಿಸ್ಟಂ ಡಿಸ್ಕ್ ಆರ್ ಡಿಸ್ಕ್ ಎರರ್" ಅಂತ ಬಂದರೆ ಡ್ರೈವ್, ಕೇಬಲ್, ಸೆಟಪ್ ಮೂರೂ ಸರಿ ಇವೆ ಅಂತ ಅರ್ಥ. ಆ ಬೈಗುಳ ಕೇಳಲಿಕ್ಕೇ ನಾನು ಕಾಯುತ್ತಿದ್ದೆ.

ಬರಲಿಲ್ಲ. ಮತ್ತೆ ಬಯೋಸೇ "ಡಿಸ್ಕ್ ಬೂಟ್ ಫೇಲ್ಯೂರ್" ಅಂದಿತು.

ಡಿಲೀಟ್ ಒತ್ತಿ ಸೆಟಪ್ ಒಳಗೆ ಹೋದೆ. ಎ ಡ್ರೈವ್ ಎದುರು "720ಕೆ, 3.5 ಇನ್" ಅಂತಿತ್ತು. ಅವಾರ್ಡ್ ಸೆಟಪ್‌ನಲ್ಲಿ ಪೇಜ್ ಅಪ್, ಪೇಜ್ ಡೌನ್ ಒತ್ತಿ ಬದಲಾಯಿಸಬೇಕು. ಡೇಟು ಟೈಮು ತಿದ್ದುವಾಗ ಕರ್ಸರ್ ಒಂದೆರಡು ಸಾಲು ಕೆಳಗೆ ಜಾರಿ, 1.44 ಇದ್ದದ್ದು ಪಕ್ಕದ 720ಕ್ಕೆ ಹೋಗಿದೆ. ಸೇವ್ ಆಗಿದೆ. ಎರಡರ ವೇಗವೂ ಬೇರೆ. 720ರ ವೇಗದಲ್ಲಿ 1.44 ಫ್ಲಾಪಿಯನ್ನು ಓದಲು ಹೋದರೆ ಏನೂ ಅರ್ಥವಾಗುವುದಿಲ್ಲ. ಸರಿ ಮಾಡಿ ಸೇವ್ ಮಾಡಿದೆ. ಬೂಟ್ ಸೀಕ್ವೆನ್ಸ್‌ನಲ್ಲಿ ಎ ಮೊದಲು ಇದೆಯಾ ಅಂತಲೂ ನೋಡಿದೆ, ಇತ್ತು.

ಈ ಸಲ ಜಾಬ್ ಫ್ಲಾಪಿಗೆ "ನಾನ್-ಸಿಸ್ಟಂ ಡಿಸ್ಕ್ ಆರ್ ಡಿಸ್ಕ್ ಎರರ್" ಬಂತು. ಪಕ್ಕದಲ್ಲಿದ್ದ ಮಾಲೀಕರ ಮುಖ ಬಾಡಿತು. "ಇನ್ನೂ ಎರರ್ರೇ ಬರ್ತಿದೆಯಲ್ಲ ಸರ್?" ಇದು ಬೇರೆಯವರ ದನಿ, ಒಳ್ಳೆಯ ಸುದ್ದಿ ಅಂತ ಅವರಿಗೆ ಹೇಳಿ ಒಪ್ಪಿಸುವುದು ಕೇಬಲ್ ಹುಡುಕಿದ್ದಕ್ಕಿಂತ ಕಷ್ಟವಾಯಿತು.

ಆಮೇಲೆ ಅವರ ಬೂಟ್ ಫ್ಲಾಪಿ, ಕಿಟಕಿ ತೆರೆದು. ಅದಕ್ಕೂ ಅದೇ ಸಾಲು. ಕಾಪಿಗೂ ಅದೇ. ಈ ಸಾಲಿನಲ್ಲಿರುವ "ಆರ್" ಅನ್ನು ಜನ ಓದುವುದೇ ಇಲ್ಲ. ಸಿಸ್ಟಂ ಫೈಲು ಇಲ್ಲದಿದ್ದರೂ ಇದೇ ಸಾಲು, ಇದ್ದೂ ಓದಲಾಗದಿದ್ದರೂ ಇದೇ ಸಾಲು. ಜಾಬ್ ಫ್ಲಾಪಿಯದು ಮೊದಲನೆಯದು. ಇವೆರಡರದು ಎರಡನೆಯದು ಇರಬೇಕು. ಆಫೀಸಿನ ಕಂಪ್ಯೂಟರ್‌ಗೆ ಒಂದು ಯುಎಸ್‌ಬಿ ಫ್ಲಾಪಿ ಡ್ರೈವ್ ಇತ್ತು. ಅದರಲ್ಲಿ ಹಾಕಿದರೆ ವಿಂಡೋಸ್, ಈ ಡಿಸ್ಕ್ ಫಾರ್ಮ್ಯಾಟ್ ಆಗಿಲ್ಲ, ಈಗ ಮಾಡಲೇ ಅಂತ ಕೇಳಿತು. ಬೇಡ ಅಂದೆ. ಆ ಒಂದು ಕ್ಲಿಕ್ಕಿನಲ್ಲಿ ಎಷ್ಟು ಜನರ ಫೈಲುಗಳು ಹೋಗಿವೆಯೋ ದೇವರಿಗೇ ಗೊತ್ತು.

ಅಷ್ಟರಲ್ಲಿ ಆಪರೇಟರ್ ಡ್ರಾಯರ್ ತಳದಿಂದ ಇನ್ನೊಂದು ಫ್ಲಾಪಿ ತಂದರು. ಬಹಳ ಹಳೆಯದು, ಮೊದಲು ಮಾಡಿಕೊಟ್ಟವರು ಇಟ್ಟುಹೋದದ್ದು. ಅದರ ಕಿಟಕಿ ತೆರೆದಿತ್ತು. "ಇದನ್ನೂ ನೋಡಿ ಅಣ್ಣಾ" ಅಂತ ನಾನು ಕೈ ಚಾಚುವ ಮೊದಲೇ ತಾವೇ ಹಾಕಿಬಿಟ್ಟರು. "ಸ್ಟಾರ್ಟಿಂಗ್ ಎಂಎಸ್-ಡಾಸ್" ಅಂತ ಬಂತು! ಆಮೇಲೆ "ಬ್ಯಾಡ್ ಆರ್ ಮಿಸ್ಸಿಂಗ್ ಕಮಾಂಡ್ ಇಂಟರ್‌ಪ್ರಿಟರ್" ಅಂತ ನಿಂತಿತು. ಮೂರನೆಯ ದನಿ. ಬೂಟ್ ಸೆಕ್ಟರ್ ದಾಟಿ, ಡಾಸ್ ಎದ್ದು, ಕಮಾಂಡ್.ಕಾಮ್ ಸಿಗದೆ ನಿಂತಿದೆ.

ತೆಗೆದು ಲೋಹದ ಬಾಗಿಲು ಸರಿಸಿ, ಮಧ್ಯದ ಚಕ್ರ ಮೆಲ್ಲಗೆ ತಿರುಗಿಸಿ ಬೆಳಕಿಗೆ ಹಿಡಿದೆ. ಒಂದು ಕಡೆ ಮಸುಕಾದ ಬಿಳಿ ಮಚ್ಚೆ. ಬೂಷ್ಟು. ಮಳೆಗಾಲದ ತೇವಕ್ಕೆ ಫ್ಲಾಪಿಯ ಮೇಲೆ ಹಿಡಿಯುವಂಥದ್ದೇ. ಹಳೆಯ ಫ್ಲಾಪಿಯನ್ನು ಡ್ರೈವ್‌ಗೆ ಹಾಕುವ ಮೊದಲು ಹೀಗೆ ಒಮ್ಮೆ ತಿರುಗಿಸಿ ನೋಡಲೇಬೇಕು. ಯಾಕಂದರೆ ಬೂಷ್ಟು ಹೆಡ್ಡಿಗೆ ಅಂಟುತ್ತದೆ, ಹೆಡ್ಡಿನಿಂದ ಮುಂದಿನ ಫ್ಲಾಪಿಯನ್ನು ಗೀಚುತ್ತದೆ. ಮೊದಲೇ ಕಂಪ್ರೆಸರ್ ಗಾಳಿ ಹೊಡೆದ ಡ್ರೈವ್ ಇದು. ಶಾಪ್‌ನ ಕಂಪ್ರೆಸರ್ ಗಾಳಿಯಲ್ಲಿ ನೀರೂ ಎಣ್ಣೆಯೂ ಇರುತ್ತದೆ, ಕಬ್ಬಿಣದ ಪುಡಿಯನ್ನು ಹೊರಗೆ ಹಾಕುವುದಕ್ಕಿಂತ ಒಳಗೆ ತಳ್ಳುವುದೇ ಜಾಸ್ತಿ. ಕ್ಲೀನಿಂಗ್ ಡಿಸ್ಕಿಗೆ ಕೆಲವು ಹನಿ ಐಸೋಪ್ರೊಪೈಲ್ ಆಲ್ಕೋಹಾಲ್ ಹಾಕಿ ಹೆಡ್ ಒರೆಸಿದೆ. ಹತ್ತಿ ಸುತ್ತಿದ ಕಡ್ಡಿಯಲ್ಲೂ ಮಾಡಬಹುದು, ಆದರೆ ಮೇಲಿನ ಹೆಡ್ಡು ತೆಳ್ಳಗಿನ ಸ್ಪ್ರಿಂಗ್ ಮೇಲೆ ಕೂತಿರುತ್ತದೆ. ಬೆರಳಲ್ಲಿ ಎತ್ತಿದರೆ ಕಥೆ ಮುಗಿಯಿತು.

ಮೂರೂ ಫ್ಲಾಪಿಗಳನ್ನು ಮನೆಗೆ ತಂದೆ. ಲಿನಕ್ಸ್ ಇರುವ ಕಂಪ್ಯೂಟರಿನಲ್ಲಿ ಡಿಡಿರೆಸ್ಕ್ಯೂ ಬಳಸಿ ಒಂದೊಂದರ ಇಮೇಜ್, ಅಂದರೆ ಇಡೀ ಫ್ಲಾಪಿಯ ಪಡಿಯಚ್ಚು ಫೈಲು, ತೆಗೆದೆ. ಈ ಪ್ರೋಗ್ರಾಂ ಓದಲಾಗದ ಸೆಕ್ಟರನ್ನು ಪಟ್ಟಿ ಮಾಡಿಟ್ಟು ಮುಂದೆ ಹೋಗುತ್ತದೆ, ಅಲ್ಲೇ ಗೋಳಾಡುತ್ತಾ ನಿಲ್ಲುವುದಿಲ್ಲ. ಇಡೀ ಪ್ರಕರಣದಲ್ಲಿ ನನಗೆ ತುಂಬಾ ಹಿಡಿಸಿದ ಭಾಗ ಇದೇ.

ಬೂಟ್ ಫ್ಲಾಪಿಯಲ್ಲಿ ಓದಲಾಗದ್ದು 9,216 ಬೈಟ್, ಅಂದರೆ 18 ಸೆಕ್ಟರ್. ಕಾಪಿಯಲ್ಲೂ 18. ಎರಡರಲ್ಲೂ ಒಂದೇ ಜಾಗ: 18ನೇ ಸೆಕ್ಟರಿನಿಂದ 35ನೆಯದರವರೆಗೆ. ಹಳೆಯದಾಗಿ ಕೆಟ್ಟ ಫ್ಲಾಪಿ ಹೀಗೆ ಅಳತೆ ಹಿಡಿದು ಕೆಡುವುದಿಲ್ಲ.

1.44 ಫ್ಲಾಪಿಗೆ 80 ಟ್ರ್ಯಾಕ್, ಎರಡು ಬದಿ, ಪ್ರತಿ ಬದಿಯ ಟ್ರ್ಯಾಕಿಗೆ 18 ಸೆಕ್ಟರ್. ಒಟ್ಟು 2,880. ಸೊನ್ನೆ ಟ್ರ್ಯಾಕಿನ ಮೊದಲ ಬದಿಯಲ್ಲಿ 0ಯಿಂದ 17, ಎರಡನೇ ಬದಿಯಲ್ಲಿ 18ರಿಂದ 35. ಈ ಡ್ರೈವ್ ಕರೆಂಟ್ ಬಂದ ಕೂಡಲೇ ತಾನೇ ಹೆಡ್ಡನ್ನು ಸೊನ್ನೆ ಟ್ರ್ಯಾಕಿಗೆ ತಂದು ನಿಲ್ಲಿಸುವ ಜಾತಿಯದು. ಕೇಬಲ್ಲಿನ 32ನೇ ಪಿನ್ನು ಯಾವ ಬದಿ ಅಂತ ಹೇಳುವ ಸಿಗ್ನಲ್. ಅದು ಗ್ರೌಂಡಿಗೆ ಇಳಿದರೆ ಎರಡನೇ ಬದಿ ಅಂತ ಅರ್ಥ. ಕೇಬಲ್ ಉಲ್ಟಾ ಇದ್ದಾಗ ಅದೂ ಗ್ರೌಂಡಿಗೇ ಸೇರಿತ್ತು. ಹಾಗಾಗಿ ಅಳಿಸಿದ್ದು ಸರಿಯಾಗಿ ಸೊನ್ನೆ ಟ್ರ್ಯಾಕಿನ ಎರಡನೇ ಬದಿ.

ಅಲ್ಲಿ ಏನಿರುತ್ತದೆ ಗೊತ್ತಾ? ಡಾಸ್ ಫ್ಲಾಪಿಯಲ್ಲಿ 0 ಬೂಟ್ ಸೆಕ್ಟರ್. 1ರಿಂದ 9 ಫ್ಯಾಟ್, ಅಂದರೆ ಯಾವ ಫೈಲು ಯಾವ ಜಾಗದಲ್ಲಿದೆ ಅನ್ನುವ ನಕ್ಷೆ; 10ರಿಂದ 18 ಅದರ ನಕಲು. 19ರಿಂದ 32 ರೂಟ್ ಡೈರೆಕ್ಟರಿ, ಅಂದರೆ ಫೈಲುಗಳ ಹೆಸರಿನ ಪಟ್ಟಿ. 33ರಿಂದ ಫೈಲುಗಳು. ಬೂಟ್ ಸೆಕ್ಟರ್ ಮೊದಲ ಬದಿಯಲ್ಲಿ ಸುರಕ್ಷಿತವಾಗಿತ್ತು, ಅದಕ್ಕೇ ಅದು ಎದ್ದು ಮಾತಾಡಿತು. ಐಒ.ಸಿಸ್ ಎಲ್ಲಿದೆ ಅಂತ ನೋಡಲು ಡೈರೆಕ್ಟರಿಗೆ ಹೋದರೆ ಅಲ್ಲಿ ಖಾಲಿ. ಆ ಒಂದು ಸಾಲಿನ ಎರರ್ ಹಿಂದೆ ಇಷ್ಟಿತ್ತು.

ಒಳ್ಳೆಯ ವಿಷಯ ಅಂದರೆ ಉಳಿದ 2,862 ಸೆಕ್ಟರ್ ಹಾಗೇ ಇದ್ದವು. ಐಒ.ಸಿಸ್‌ನ ಮೊದಲ ಮೂರು ಸೆಕ್ಟರ್ ಹೋಗಿದ್ದಕ್ಕೆ ಚಿಂತೆ ಇಲ್ಲ, ಅದು ಯಾವ ಡಾಸ್ 6.22ರಲ್ಲೂ ಸಿಗುತ್ತದೆ. ನನಗೆ ಬೇಕಿದ್ದದ್ದು ಆಟೋಎಕ್ಸೆಕ್.ಬ್ಯಾಟ್, ಬೂಟ್ ಆದ ಕೂಡಲೇ ತಾನೇ ಓಡುವ ಆಜ್ಞೆಗಳ ಫೈಲು. ಬೂಷ್ಟು ಹಿಡಿದ ಫ್ಲಾಪಿಯಲ್ಲಿ ಆ ಫೈಲು ಚೆನ್ನಾಗಿತ್ತು, ಕೆಟ್ಟದ್ದು ಕಮಾಂಡ್.ಕಾಮ್ ಒಂದೇ. ಆದರೆ ಅದರಲ್ಲಿ ಸೀರಿಯಲ್ ಪೋರ್ಟಿನ ವೇಗ 4800 ಅಂತಿತ್ತು. ಆಪರೇಟರ್‌ಗೆ ಫೋನ್ ಮಾಡಿದೆ. "ಅದು ಹಳೇದಣ್ಣಾ, ಆಮೇಲೆ ಸ್ಪೀಡ್ ಜಾಸ್ತಿ ಮಾಡಿಸಿದ್ವಿ. ಎಷ್ಟು ಅಂತ ನೆನಪಿಲ್ಲ." ಬೂಟ್ ಫ್ಲಾಪಿಯ ಇಮೇಜನ್ನು ಫೈಲನ್ನು ಬೈಟ್ ಬೈಟಾಗಿ ತೋರಿಸುವ ಹೆಕ್ಸ್ ಎಡಿಟರಿನಲ್ಲಿ ತೆರೆದು "ಮೋಡ್ ಕಾಮ್1" ಅಂತ ಹುಡುಕಿದೆ. ಸಿಕ್ಕಿತು: 9600, ಈವನ್ ಪ್ಯಾರಿಟಿ, 7 ಡೇಟಾ ಬಿಟ್, 2 ಸ್ಟಾಪ್ ಬಿಟ್. ಡೈರೆಕ್ಟರಿ ಹೋದರೂ ಟೆಕ್ಸ್ಟ್ ಫೈಲು ಹೀಗೆ ಕಣ್ಣಿಗೆ ಬೀಳುತ್ತದೆ. ಈ ಸಾಲು ಸಿಗದೇ 4800ರಲ್ಲೇ ಬೂಟ್ ಮಾಡಿಕೊಟ್ಟಿದ್ದರೆ ಕಂಪ್ಯೂಟರ್ ಚೆನ್ನಾಗಿ ಎದ್ದಿರುತ್ತಿತ್ತು, ಮೆಷಿನ್ ಮಾತ್ರ ಅಲಾರಂ ಹೊಡೆಯುತ್ತಿತ್ತು. ಆಗ ಎಲ್ಲರೂ ಮೆಷಿನ್ ಬಿಚ್ಚಲು ಹೊರಡುತ್ತಿದ್ದರು.

ಎಸ್‌ಪಿ ರೋಡಿನಲ್ಲಿ ಒಂದಷ್ಟು ಹಳೇ ಸ್ಟಾಕ್ ಫ್ಲಾಪಿ ಹುಡುಕಿ ತಂದೆ. ಡಬ್ಬಿ ಸೀಲ್ ಇದ್ದ ಮಾತ್ರಕ್ಕೆ ನಂಬುವ ಹಾಗಿಲ್ಲ. ಸೋನಿಯೇ ಜಪಾನಿನಲ್ಲಿ ಫ್ಲಾಪಿ ಮಾರುವುದನ್ನು 2011ರಲ್ಲಿ ನಿಲ್ಲಿಸಿತು, ಈಗ ಸಿಗುವುದೆಲ್ಲಾ ವಯಸ್ಸಾದದ್ದೇ. ಶಾಪ್‌ನ ಡ್ರೈವ್‌ನಲ್ಲೇ, ನನ್ನ ಡಾಸ್ ಫ್ಲಾಪಿಯಿಂದ ಬೂಟ್ ಮಾಡಿ, "ಫಾರ್ಮ್ಯಾಟ್ ಎ: /ಯು /ಎಸ್" ಕೊಟ್ಟೆ. /ಯು ಅಂದರೆ ಹಳೆಯದನ್ನು ಉಳಿಸುವ ಗೋಜಿಲ್ಲದೆ ಪೂರ್ತಿ ಫಾರ್ಮ್ಯಾಟ್. /ಎಸ್ ಅಂದರೆ ಸಿಸ್ಟಂ ಫೈಲು ಸಮೇತ. ಒಂದೇ ಒಂದು ಬ್ಯಾಡ್ ಸೆಕ್ಟರ್ ತೋರಿಸಿದರೂ ಆ ಫ್ಲಾಪಿಯನ್ನು ಪಕ್ಕಕ್ಕಿಟ್ಟೆ. ಸಿಸ್ಟಂ ಫೈಲುಗಳನ್ನು ಸುಮ್ನೆ ಕಾಪಿ ಮಾಡಿದರೆ ಬೂಟ್ ಫ್ಲಾಪಿ ಆಗುವುದಿಲ್ಲ ಅನ್ನುವುದನ್ನೂ ಇಲ್ಲೇ ಹೇಳಬೇಕು. ಡೈರೆಕ್ಟರಿಯಲ್ಲಿ ಐಒ.ಸಿಸ್, ಎಂಎಸ್‌ಡಾಸ್.ಸಿಸ್ ಮೊದಲ ಎರಡು ಜಾಗದಲ್ಲೇ ಇರಬೇಕು, ಬೂಟ್ ಸೆಕ್ಟರೂ ಡಾಸ್‌ನದೇ ಆಗಿರಬೇಕು. ಅದಕ್ಕೇ /ಎಸ್ ಅಥವಾ ಸಿಸ್ ಕಮಾಂಡ್ ಬೇಕು. ಆಮೇಲೆ ಬೂಷ್ಟು ಹಿಡಿದ ಫ್ಲಾಪಿಯ ಇಮೇಜಿನಿಂದ ಉಳಿದ ಫೈಲುಗಳನ್ನು ಹಾಕಿ, ವೇಗವನ್ನು 9600ಕ್ಕೆ ತಿದ್ದಿದೆ.

ನನ್ನ ಡ್ರೈವ್‌ನಲ್ಲಿ ಮಾಡಿ ತರದೆ ಅವರ ಡ್ರೈವ್‌ನಲ್ಲೇ ಮಾಡಿದ್ದಕ್ಕೂ ಕಾರಣ ಇದೆ. ವರ್ಷಗಟ್ಟಲೆ ಅದುರಿದ ಡ್ರೈವ್‌ನ ಹೆಡ್ ಸ್ವಲ್ಪ ಸರಿದಿರಬಹುದು. ಆಗ ಬೇರೆಯವರು ಬರೆದದ್ದು ಅದಕ್ಕೆ ಓದಲಾಗದು, ಅದು ಬರೆದದ್ದು ಬೇರೆಯವರಿಗೆ ಓದಲಾಗದು. ಹೊಸ ಫ್ಲಾಪಿಯನ್ನು ಆಫೀಸಿನ ಯುಎಸ್‌ಬಿ ಡ್ರೈವ್‌ನಲ್ಲೂ ಓದಿಸಿ ನೋಡಿದೆ. ಓದಿತು. ಹೆಡ್ ಇನ್ನೂ ನೆಟ್ಟಗಿದೆ.

ಫ್ಲಾಪಿ ಹಾಕಿ ಆನ್ ಮಾಡಿದಾಗ ಪ್ರಾಂಪ್ಟ್ ಬಂತು. ಜಾಬ್ ಫ್ಲಾಪಿ ಹಾಕಿ ಒಂದು ಪ್ರೋಗ್ರಾಂ ಕಳಿಸಿದರು, ಸ್ಪಿಂಡಲ್ ತಿರುಗಿತು. ಬಿಲ್ಲಿನಲ್ಲಿ ಏನು ಬರೆಯಬೇಕು ಅಂತ ಮಾಲೀಕರು ಕೇಳಿದರು. ಕೇಬಲ್ ತಿರುಗಿಸಿದ್ದು ಅಂತ ಬರೆದರೆ ಅವರ ಅಕೌಂಟೆಂಟ್ ಒಪ್ಪುವುದಿಲ್ಲವಂತೆ. ಡೇಟಾ ರಿಕವರಿ ಅಂತ ಬರೆದೆ. ಅದೂ ಸುಳ್ಳಲ್ಲ, ಅಲ್ವಾ?

ಈಗ ಅಲ್ಲಿ ಒಂದೇ ರೀತಿಯ ಮೂರು ಬೂಟ್ ಫ್ಲಾಪಿ ಇವೆ. ಮೂರರ ಕಿಟಕಿಯೂ ತೆರೆದಿದೆ. ಒಂದು ಮೆಷಿನ್ ಹತ್ತಿರ, ಇನ್ನೆರಡು ಆಫೀಸಿನ ಬೀರುವಿನಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ. ಇಮೇಜ್ ಫೈಲು ಆಫೀಸಿನ ಕಂಪ್ಯೂಟರಿನಲ್ಲೂ ಇದೆ. ಡ್ರೈವ್‌ನ ಒಂದನೇ ಪಿನ್ನಿನ ಪಕ್ಕ ಕೆಂಪು ಪೇಂಟಿನ ಚುಕ್ಕೆ ಇಟ್ಟಿದ್ದೇನೆ. ಸೆಟಪ್ಪಿನಲ್ಲಿ ಏನೇನು ಇರಬೇಕು ಅನ್ನುವುದನ್ನು ಕಾಗದದಲ್ಲಿ ಬರೆದು ಕ್ಯಾಬಿನೆಟ್ಟಿನ ಬಾಗಿಲಿಗೆ ಒಳಗಿನಿಂದ ಅಂಟಿಸಿದೆ. ಗೋಟೆಕ್ ಹಾಕೋಣ ಅಂತಲೂ ಹೇಳಿದೆ. ಫ್ಲಾಪಿ ಡ್ರೈವ್‌ನ ಜಾಗದಲ್ಲೇ, ಅದೇ 34 ಪಿನ್ನಿನ ಕೇಬಲ್ಲಿಗೆ ಕೂರುತ್ತದೆ, ಪೆನ್ ಡ್ರೈವ್‌ನಲ್ಲಿರುವ ಇಮೇಜನ್ನು ಕಂಪ್ಯೂಟರಿಗೆ ಫ್ಲಾಪಿ ಅಂತ ತೋರಿಸುತ್ತದೆ. ಬೂಷ್ಟಿನ ಕಾಟ ಇಲ್ಲ, ಹೆಡ್ ಒರೆಸುವ ಕೆಲಸವೂ ಇಲ್ಲ. ಮಾಲೀಕರು ಬೆಲೆ ಕೇಳಿ, "ಈಗ ನಡೀತಾ ಇದೆಯಲ್ಲ ಸರ್, ಮುಂದಿನ ವರ್ಷ ಪೂಜೆಗೆ ಮೊದಲು ನೋಡೋಣ" ಅಂದರು. ಅಲ್ಲಿಯವರೆಗೆ ಎಸ್‌ಪಿ ರೋಡಿನಿಂದ ಒಂದು ಬದಲಿ ಡ್ರೈವ್ ತಂದಿಟ್ಟುಕೊಳ್ಳಿ ಅಂದೆ. ಅದಕ್ಕೆ ಒಪ್ಪಿದ್ದಾರೆ.